ಇಳಿಯುವ ಏಣಿ

ಸೊಹಾರಿನ ಸನಾಯ್ಯಾದಲ್ಲಿ ಮಧ್ಯಾಹ್ನ ಒಂದೂವರೆ,
ಮುಟ್ಟಿದ ಸ್ಪ್ಯಾನರು ಕಚ್ಚುವ ಹೊತ್ತು.
ಹಳೆಯ ಪಜೇರೋದ ನೆತ್ತಿಗೆ ಎರಡು ಅಡ್ಡಪಟ್ಟಿ,
ಅಡಿಗೆ ರಬ್ಬರಿನ ವಾಷರು, ಎಂಟು ಬೋಲ್ಟು,
ನಾನು, ಟೇಕ್ ಬಹಾದುರ್, ಮತ್ತೆ
ಟೈರಂಗಡಿಯಿಂದ ಕರೆತಂದ ಇಬ್ಬರು
ಒಂದೇ ಉಸಿರಿಗೆ ಎತ್ತಿಟ್ಟೆವು
ಅರವತ್ತೆರಡು ಕಿಲೋ ಮನೆ.

ಮನೆಯೇ ಅದು. ಕೊಂಡಿ ಕಳಚಿ ಎಳೆದರೆ
ಕಿಟಕಿ, ಸೊಳ್ಳೆಪರದೆ, ಎರಡಿಂಚು ಹಾಸಿಗೆ
ಕೊಡೆ ಬಿಚ್ಚಿದ ಹಾಗೆ ಎದ್ದು ಕೂರುತ್ತವೆ.
ಅರ್ಧ ಗಾಡಿಯ ಮೇಲೆ, ಅರ್ಧ ಗಾಳಿಯಲ್ಲಿ.
ಗಾಳಿಯಲ್ಲಿರುವ ಅರ್ಧವನ್ನು ಏಣಿ ಹೊರಬೇಕು.

ಗಿರಾಕಿ ಬೆನೆಡಿಕ್ಟಾ ಮತಾಯಸ್, ಶಿರ್ವದವರು.
ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ.
"ಈ ದೇಶದಲ್ಲಿ ನಾನು ಕಂಡದ್ದು
ಆಸ್ಪತ್ರೆ, ಹಾಸ್ಟೆಲು, ಇಗರ್ಜಿ.
ವೀಸಾ ಮುಗಿಯಲು ಇನ್ನು ಐವತ್ತು ದಿನ."
ಅಷ್ಟೇ ಹೇಳಿದ್ದು. ನಾನೂ ಕೇಳಲಿಲ್ಲ.

ಯಜಮಾನ ಖಲ್ಫಾನ್ ಮೊದಲು ತಂದದ್ದು
ಕೊಳವೆಯೊಳಗಿಂದ ಕೊಳವೆ ಟಕ್ ಟಕ್ ಬೆಳೆಯುವ ಏಣಿ.
ಚೆಂದ. ಆದರೆ ಮರಳು ಹೊಕ್ಕರೆ ಮುನಿಸು,
ಮಡಚುವಾಗ ಬೆರಳಿನ ಮೇಲೆ ಆಸೆ.
ಇನ್ನೊಂದರ ಮೆಟ್ಟಿಲು ಗುಂಡು ಸರಳು, ಹಗುರ, ಅಗ್ಗ.
ಮತ್ತೊಂದು ಭಾರ, ಅಗಲ ಮೆಟ್ಟಿಲು, ಹದಿನಾಲ್ಕು ರಿಯಾಲ್ ಜಾಸ್ತಿ.

ಅವರು ಬಿಳಿ ಶೂ ಬಿಚ್ಚಿದರು.
ಕಾಲುಚೀಲ ಮಡಚಿ ಶೂವಿನೊಳಗಿಟ್ಟರು.
ಹತ್ತಿ ಒಳಗೆ ಹೋಗಿ ಮಲಗಿದರು.
"ಶಟರ್ ಎಳೆಯಿರಿ. ಲೈಟು ಆರಿಸಿ."

ಕತ್ತಲು. ಟೇಕ್ ಬಹಾದುರ್ ನನ್ನ ಅಂಗಿ ಹಿಡಿದ.
ಮೇಲಿನಿಂದ ಒಂದು ಪಾದ ಹೊರಬಂದು
ಗಾಳಿಯಲ್ಲಿ ಮೆಟ್ಟಿಲು ತಡಕುವ ಸದ್ದು.
ಹೀಗೆ ಮೂರು ಏಣಿಗೆ ಮೂರು ಸಲ.

"ಹತ್ತಲಿಕ್ಕೆ ಯಾವ ಏಣಿಯಾದರೇನು ಮಾರಾಯರೇ,
ರಾತ್ರಿ ಮೂರಕ್ಕೆ ಉಚ್ಚೆಗೆ ಇಳಿಯುವವಳಿಗೆ
ಮೆಟ್ಟಿಲೇ ಬಂದು ಕಾಲಿಗೆ ಸಿಗಬೇಕು.
ಆ ಅಗಲದ್ದು ಕೊಡಿ."

ಅಟ್ಟ ಹತ್ತಿಸಿ ಏಣಿ ತೆಗೆದ ಏಜೆಂಟಿನ ಮುಖ
ಆಗ ಯಾಕೋ ನೆನಪಾಯಿತು.
ಎಂಟು ಜನರ ಕೋಣೆ, ನನ್ನದು ಮೇಲಿನ ಮಂಚ,
ಹನ್ನೊಂದು ವರ್ಷ.
ಮೂರು ಸರಳಲ್ಲಿ ನಡುವಿನದು ಕಿತ್ತುಹೋಗಿ ನಾಲ್ಕು.
ಕೆಳಗಿನ ಮೊಯ್ದಿನ್ ಕಾಕನ ಹೆಗಲೇ
ಅಷ್ಟು ದಿನ ನಡುವಿನ ಸರಳು.
ನಿದ್ದೆಯಲ್ಲೂ ಅದು ಸ್ವಲ್ಪ ಮೇಲೇಳುತ್ತಿತ್ತು.
ಕಾಕ ರಂಜಾನಿಗೆ ಊರಿಗೆ ಹೋದವರು ಬರಲಿಲ್ಲ,
ಮೊಮ್ಮಗಳಿಗೆ ಸೈಕಲ್ ಕಲಿಸುತ್ತಿದ್ದಾರಂತೆ.
ಈಗ ನಾನು ಧುಮುಕುತ್ತೇನೆ.

ಬೆನೆಡಿಕ್ಟಾ ಬಾಯಿಯ ಏಣಿ ಒಂದು ಮೆಟ್ಟಿಲು ಉದ್ದ.
ನೆಟ್ಟಗೆ ನಿಂತರೆ ಹೆದರಿಸುತ್ತದೆ,
ಮಲಗಿದರೆ ಜಾರುತ್ತದೆ,
ಅಳೆದು ಅಳೆದು ಬುಡ ಕೊಯ್ದೆ.
ಮರಳಿನಲ್ಲಿ ಹೂತುಹೋಗದಂತೆ ಕಾಲಡಿಗೆ
ಪ್ಲೈವುಡ್ಡಿನ ತುಂಡೊಂದು, ಬಿಟ್ಟಿ.
ಗಾಡಿ ಹೊರಟಿತು, ನೆತ್ತಿಯ ಮನೆ ಒಮ್ಮೆಯೂ ಅಲುಗದೆ.
ಬೋಲ್ಟು ನನ್ನವು, ಅದೊಂದು ಹೆಮ್ಮೆ.

ಕೊಯ್ದ ತುಂಡು ನೆಲದ ಮೇಲೆ,
ಎರಡು ಕುಳ್ಳ ಕಾಲು, ನಡುವೆ ಒಂದು ಮೆಟ್ಟಿಲು.
ಖಲ್ಫಾನನನ್ನು ಕೇಳಿದೆ. "ಶೀಲ್, ಶೀಲ್" ಎಂದು ಕೈ ಬೀಸಿದ,
ಒಯ್ಯಿ ಅಂತ.

ಮಂಚಕ್ಕೆ ಎರಡು ಬೆರಳು ಕಡಿಮೆ ಬಿತ್ತು.
ಕೇಬಲ್ ಟೈ ಬಿಗಿದೆ, ಸಾಲದೆ ತಂತಿ ಸುತ್ತಿದೆ.
ಕಿರ್ ಅನ್ನುತ್ತದೆ ಅಂತ
ಕೆಳಗಿನ ಹೊಸ ಹುಡುಗನ ತಕರಾರು.

ಮೂರಕ್ಕೆ ಎಚ್ಚರವಾಯಿತು.
ಉಚ್ಚೆಯೇನೂ ಬಂದಿರಲಿಲ್ಲ.
ಸುಮ್ಮನೆ ಇಳಿದು ನೋಡಿದೆ.